ದಾನಾರ್ಥ ದ್ವಿಚಕ್ರ ದೀರ್ಘಯಾನ: ನೂಲ ಸೀಮೆಯನ್ನು ಅನುಲಕ್ಷಿಸಿ ಒಂದು ಸಾಂಸ್ಕೃತಿಕ ಮುಖಾಮುಖಿ

1.0 ಪ್ರಸ್ತಾವನೆ

ಸೈಕಲ್ ಎಂದರೇನು ಎಂಬ ಪ್ರಶ್ನೆಯನ್ನು ಈವರೆಗಿನ ವಿದ್ವತ್ತು ಗಂಭೀರವಾಗಿ ಎತ್ತಿಕೊಂಡಿಲ್ಲ. ಎರಡು ಗಾಲಿ, ಒಂದು ಚೈನು, ಒಂದು ಸೀಟು ಎಂಬ ಜನಪದ ಗ್ರಹಿಕೆ ತೀರ ಸ್ಥೂಲವಾದದ್ದು. ಪ್ರಸ್ತುತ ಅಧ್ಯಯನವು ಸೈಕಲ್ಲನ್ನು ‘ಚಲನಶೀಲ ಸತ್ಕಾರಪೀಠ’ ಎಂಬ ಪರಿಕಲ್ಪನೆಯ ನೆಲೆಯಲ್ಲಿ ಗ್ರಹಿಸುತ್ತದೆ. ಅದರ ಮೇಲೆ ಕೂತವನಿಗೆ ಶಾಲು, ಶ್ರೀಫಲ ಮತ್ತು ಫೇಟಾಗಳು ಯಾವ ಊರಿನಲ್ಲಿ, ಎಷ್ಟು ಬೆವರಿನ ನಂತರ ಪ್ರಾಪ್ತವಾಗುತ್ತವೆ ಎಂಬುದನ್ನು ಶೋಧಿಸುತ್ತದೆ.

1.1 ವ್ಯಾಪ್ತಿ ಮತ್ತು ಮಿತಿ

ಅಧ್ಯಯನದ ಕ್ಷೇತ್ರ ನೂಲ. ಕೊಲ್ಹಾಪುರ ಜಿಲ್ಲೆ, ಗಡಹಿಂಗ್ಲಜ ತಾಲೂಕು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಪ್ರತಿ ನವೆಂಬರಿನಲ್ಲಿ ಇಂಥ ಊರುಗಳ ‘ಅನನ್ಯತೆ’ಯ ಬಗ್ಗೆ ದೂರದ ನಗರಗಳಲ್ಲಿ ವಿಚಾರ ಸಂಕಿರಣಗಳು ನಡೆಯುತ್ತವೆ. ಅಂಥವುಗಳಲ್ಲಿ ಕೂತು ಕೂತು ಈ ಲೇಖಕನಿಗೂ ‘ಆಯಾಮ’, ‘ಸಂಕಥನ’, ‘ಮುಖಾಮುಖಿ’ ಎಂಬ ಮೂರು ರೋಗಗಳು ಅಂಟಿವೆ. ಓದುಗರು ಸಹಿಸಿಕೊಳ್ಳಬೇಕು; ನಾನು ಸಹಿಸಿದ್ದೇನೆ.

ಯಾತ್ರೆಯ ಮಾರ್ಗ: ನೂಲದಿಂದ ಸಂಕೇಶ್ವರ, ಅಲ್ಲಿ ಹೆದ್ದಾರಿ ಹಿಡಿದು ಬೆಳಗಾವಿ, ಧಾರವಾಡ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು. ಯಾತ್ರಿಕರು: ಲೇಖಕ ಮತ್ತು ಅವನ ಗೆಳೆಯ (ಮುಂದೆ ‘ಸಹಸಂಶೋಧಕ’). ಉದ್ದೇಶ: ಬಡ ಮಕ್ಕಳ ಶಿಕ್ಷಣಕ್ಕೆ ನಿಧಿ. ಪ್ರಾಯೋಜಕರು ಕಿಲೋಮೀಟರಿಗೆ ಇಷ್ಟು ಎಂದು ಕೊಡತಕ್ಕದ್ದು. ಇದಕ್ಕೆ ‘ದೂರಾಧಾರಿತ ಕರುಣಾ ಪ್ರಮೇಯ’ ಎಂದು ನಾಮಕರಣ ಮಾಡಲಾಗಿದೆ.

1.1.1 ಪೂರ್ವಾಧ್ಯಯನಗಳ ಸಮೀಕ್ಷೆ

1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಪಾರಸಿ ಯುವಕರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. 1928ರ ಮಾರ್ಚಿನಲ್ಲಿ ಸುತ್ತು ಮುಗಿಸಿ ಮರಳಿದವರು ಆದಿ ಹಕೀಮ, ಜಾಲ್ ಬಾಪಸೋಲಾ, ರುಸ್ತುಂ ಭೂಮಗರಾ ಈ ಮೂವರೇ. ಅಂದರೆ ಸ್ನೇಹದ ಸವಕಳಿ ಶೇಕಡಾ 50. ಈ ಸೂತ್ರವನ್ನು ಇಬ್ಬರ ಯಾತ್ರೆಗೆ ಅನ್ವಯಿಸಿದರೆ ಒಬ್ಬ ಉಳಿಯಬೇಕು. ಅದು ಯಾರು ಎಂಬುದನ್ನು ವಂಟಮುರಿ ಘಾಟು ತೀರ್ಮಾನಿಸುತ್ತದೆ (ಮುಂದೆ ನೋಡಿ).

1985ರ ಡಿಸೆಂಬರಿನಲ್ಲಿ ಬಾಬಾ ಆಮ್ಟೆ ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ‘ಭಾರತ ಜೋಡೋ’ ಎಂದು ನೂರಕ್ಕೂ ಹೆಚ್ಚು ತರುಣರನ್ನು ಸೈಕಲ್ ಮೇಲೆ ಹೊರಡಿಸಿದರು. ಅವರಿಗೆ ಆಗ 70 ದಾಟಿತ್ತು. ಬೆನ್ನುಹುರಿಯ ಬೇನೆಯಿಂದ ಕೂರಲಾಗದೆ ವಾಹನದಲ್ಲಿ ಮಲಗಿಕೊಂಡೇ ಜೊತೆಗೆ ಸಾಗಿದರು. ಸ್ವತಃ ಪೆಡಲ್ ತುಳಿಯದ ಕಾರಣ ನಮ್ಮ ಪ್ರಮೇಯದ ಪ್ರಕಾರ ಅವರ ಕರುಣೆ ಸೊನ್ನೆ ಕಿಲೋಮೀಟರ್. ಪ್ರಮೇಯವನ್ನು ತಿದ್ದುವ ಬದಲು ಬಾಬಾ ಆಮ್ಟೆಯವರನ್ನೇ ಅಧ್ಯಯನದಿಂದ ಕೈಬಿಡಲಾಗಿದೆ. ಸಂಶೋಧನೆಯಲ್ಲಿ ಇದು ರೂಢಿ.

ಇನ್ನು ನಮ್ಮ ಊರುಗಳ ಸೈಕಲ್ ಸರ್ಕಸ್ಸಿನವನು. ಸಾಲಿ ಮುಂದಿನ ಬಯಲಿನಲ್ಲಿ ಕಂಬ ನೆಟ್ಟು, ಸ್ಪೀಕರ್ ಕಟ್ಟಿ, ಹಗಲು ರಾತ್ರಿ ಇಳಿಯದೆ ಸುತ್ತುತ್ತಿದ್ದ. ಜಳಕ, ಊಟ, ದಾಡಿ ಎಲ್ಲ ಸೈಕಲ್ ಮೇಲೆಯೇ. ಜನ ಅಂಗಿಗೆ ನೋಟು ಚುಚ್ಚಿ ಹೋಗುತ್ತಿದ್ದರು. ಕ್ರಮಿಸಿದ ದೂರ ಅಪಾರ, ತಲುಪಿದ ಊರು ಯಾವುದೂ ಇಲ್ಲ. ಶುದ್ಧ ತಾತ್ತ್ವಿಕ ದೃಷ್ಟಿಯಿಂದ ಇವನೇ ಶ್ರೇಷ್ಠ ದೀರ್ಘಯಾನಿ. ಆದರೆ ರೊಕ್ಕ ತನ್ನ ಹೊಟ್ಟೆಗೆ ಎಂದು ಮೈಕಿನಲ್ಲೇ ಸಾರಿಬಿಡುತ್ತಿದ್ದ. ಈ ಪ್ರಾಮಾಣಿಕತೆಯಿಂದಾಗಿ ಅವನನ್ನು ದಾನಯಾತ್ರಿಕರ ಪಂಕ್ತಿಗೆ ಸೇರಿಸಲಾಗದು.

1.1.1.1 ಪೂರ್ವಪಕ್ಷ

ಯಾತ್ರೆ ಹೊರಡುವ ಮುನ್ನ ಟಾಯರಿಗೆ ಹವಾ ಹೊಡೆಸಲು ನಿಂತಾಗ ಪಂಚರ್ ಅಂಗಡಿಯ ಅಜ್ಜ ಎತ್ತಿದ ಆಕ್ಷೇಪ ಹೀಗಿದೆ:

“ಅಲ್ಲರೀ ಸಾಹೇಬ್ರ, ಕೊಡಾವ್ರು ಕೊಡ್ತಾರ, ತಗೊಳ್ಳಾವ್ರು ತಗೋತಾರ. ನಡುವ ನೀವ್ಯಾಕ ಬೆಂಗಳೂರ ತನಾ ತುಳೀತೀರಿ?”

ಶಾಸ್ತ್ರದಲ್ಲಿ ಇದಕ್ಕೆ ‘ನೂಲಾಕ್ಷೇಪ’ ಎನ್ನಬಹುದು. ಸಿದ್ಧಾಂತಿಯ ಉತ್ತರ: ತುಳಿಯುವುದರಿಂದ ಜಾಗೃತಿ ಮೂಡುತ್ತದೆ. ಅಜ್ಜ ಕೇಳಿದ: “ಯಾರಿಗ್ರೀ?” ಸಿದ್ಧಾಂತಿ ಹವಾದ ರೊಕ್ಕ ಕೊಟ್ಟು ಹೊರಟ. ನೂಲದಲ್ಲಿ ಸುರಗೀಶ್ವರ ಮಠವಿದೆ. ದಾಸೋಹಕ್ಕೆ ಕೂತವನನ್ನು ನಿನ್ನ ಈ ತಾಟಿನ ಹಿಂದೆ ಯಾರು ಎಷ್ಟು ದೂರ ಸೈಕಲ್ ಹೊಡೆದಿದ್ದಾರೆ ಬಲ್ಲೆಯಾ ಎಂದು ಯಾರೂ ಕೇಳುವುದಿಲ್ಲ. ಅಂಥ ಊರಿನವನಿಗೆ ನಮ್ಮ ಪ್ರಮೇಯ ಹಿಡಿಸದಿರುವುದು ಸಹಜ.

ಸತ್ಕಾರ ಸಂಕಥನ

(ಅಂಕಿ ಹಾಕುವುದನ್ನು ಇಲ್ಲಿಗೆ ನಿಲ್ಲಿಸಿದ್ದೇನೆ. ಹಾಕಿದವನಿಗೂ ತಿಳಿಯುತ್ತಿಲ್ಲ.)

ಕೊಲ್ಹಾಪುರ ಸೀಮೆಯಲ್ಲಿ ಸತ್ಕಾರವೆಂದರೆ ತಲೆಗೆ ಫೇಟಾ ಏರಲೇಬೇಕು. ಸೈಕಲ್ ಸವಾರನ ತಲೆಯಲ್ಲಿ ಆಗಲೇ ಹೆಲ್ಮೆಟ್ ಕೂತಿರುತ್ತದೆ. ಇಲ್ಲಿ ಹುಟ್ಟುವುದೇ ‘ಶಿರೋವಿವಾದ’. ಫೇಟಾ ಹೆಲ್ಮೆಟ್ಟಿನ ಮೇಲೆಯೋ, ಹೆಲ್ಮೆಟ್ ತೆಗೆದೋ? ಒಂದು ಪಂಥದ ಪ್ರಕಾರ ಹೆಲ್ಮೆಟ್ಟಿನ ಮೇಲೆ ಸುತ್ತಿದರೆ ಸುರಕ್ಷತೆ ಮತ್ತು ಸಂಸ್ಕೃತಿ ಎರಡೂ ಉಳಿಯುತ್ತವೆ. ನಮಗೆ ಹಾಗೆಯೇ ಸುತ್ತಿದರು. ಸಹಸಂಶೋಧಕನಿಗೆ ಆ ಹೊತ್ತಿನಲ್ಲಿ ಕಿವಿ ಕೇಳಿಸಲಿಲ್ಲ. ಭಾಷಣಗಳಿದ್ದುದರಿಂದ ಅವನಿಗೆ ಲಾಭವೇ ಆಯಿತು.

ಹೆಸರು ಬೇಡ, ಸತ್ಕರಿಸಿದ ಸಂಸ್ಥೆಯವರು ರಸ್ತೆಯ ಅಡ್ಡಗಲಕ್ಕೆ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅಧ್ಯಕ್ಷರು ದೊಡ್ಡದಾಗಿ, ಉಪಾಧ್ಯಕ್ಷರು ಮಧ್ಯಮವಾಗಿ, ನಾವಿಬ್ಬರು ಅಂಚೆಚೀಟಿಯಷ್ಟು. ಮಕ್ಕಳಿರಲಿಲ್ಲ. ಫ್ಲೆಕ್ಸು, ಮಂಟಪ, ಟಿ-ಶರ್ಟು, ಹಿಂದೆ ಬರುವ ಕಾರಿನ ಡೀಸೆಲ್ಲು ಕಳೆದು ಉಳಿದದ್ದೆಷ್ಟು ಎಂದು ಕೇಳಿದೆ. “ಅದು ಮುಖ್ಯವಲ್ಲ, ಸಂದೇಶ ಮುಖ್ಯ” ಎಂದರು. ಸಂದೇಶವನ್ನು ಯಾವ ಸಾಲಿಯ ಫೀಸಿಗೆ ಕಟ್ಟಿಸಿಕೊಳ್ಳುತ್ತಾರೋ ನನಗೆ ತಿಳಿಯದು.

ಸ್ನೇಹಮೀಮಾಂಸೆ

ದಾನಯಾತ್ರೆಗೆ ಗೆಳೆಯನೇಕೆ? ಒಬ್ಬನೇ ಹೊರಟರೆ ಅದು ಹುಚ್ಚು, ಇಬ್ಬರು ಹೊರಟರೆ ಅಭಿಯಾನ. ಫೋಟೊ ತೆಗೆಯಲಿಕ್ಕೂ ಒಬ್ಬ ಬೇಕು. ಹತ್ತರಗಿ ಟೋಲ್ ನಾಕೆಯವರೆಗೆ ಗೆಳೆತನಕ್ಕೆ ಭಂಗವಿಲ್ಲ. ಅಲ್ಲಿ ಸೈಕಲ್ಲಿಗೆ ಟೋಲಿಲ್ಲ. ಇಡೀ ಮಾರ್ಗದಲ್ಲಿ ಭಾಷಣವಿಲ್ಲದೆ ನಮಗೆ ದೊರೆತ ರಿಯಾಯಿತಿ ಅದೊಂದೇ. ಮುಂದೆ ವಂಟಮುರಿ ಘಾಟಿನ ಏರು. ಸಹಸಂಶೋಧಕನದು ಪುಣೆಯಿಂದ ತಂದ, ಒಂದೇ ಬೆರಳಲ್ಲಿ ಎತ್ತಬಹುದಾದ ಸೈಕಲ್ಲು. ನನ್ನದು ಕ್ಯಾರಿಯರು, ಸ್ಟ್ಯಾಂಡು, ಮಡ್‌ಗಾರ್ಡುಗಳ ಸಮೇತ ಊರಿನದು. ಅವನು ಮೇಲೆ ತಲುಪಿ ಕಬ್ಬಿನ ಹಾಲು ಕುಡಿದು ಫೋಟೊ ತೆಗೆಯಲು ನಿಂತಿದ್ದ. ಆ ಫೋಟೊದಲ್ಲಿ ನಾನು ಸೈಕಲ್ ನೂಕುತ್ತಿದ್ದೇನೆ. ನೂಕಿದ ದೂರವನ್ನು ಕರುಣೆಯಲ್ಲಿ ಹಿಡಿಯಬೇಕೇ ಎಂಬುದರ ಬಗ್ಗೆ ಪ್ರಾಯೋಜಕರಲ್ಲಿ ಒಮ್ಮತವಿಲ್ಲ.

ಸವಾರರ ವರ್ಗೀಕರಣ

ಸೈಕಲ್ ಸವಾರರು ಏಳು ವಿಧ. ಒಂದು, ಫೇಟಾಪ್ರಾಪ್ತರು. ಎರಡು, ಫೇಟಾಕಾಂಕ್ಷಿಗಳು: ಟಿ-ಶರ್ಟ್ ಹಂಚುವತನಕ ಇದ್ದು ಮೊದಲ ಏರಿನಲ್ಲಿ ಕಾರು ಹತ್ತುವವರು. ಮೂರು, ಸ್ಪರ್ಧಾಳುಗಳು: ವಿಜಯಪುರ, ಬಾಗಲಕೋಟೆಯ ಕಡೆ ಹೊಲದ ಮನೆಗಳಿಂದ ಬಂದು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದವರು ಇವರಲ್ಲಿದ್ದಾರೆ, ಇವರಿಗೆ ಫೇಟಾ ಗೆದ್ದ ಮೇಲೆ, ಒಮ್ಮೆ ಮಾತ್ರ. ನಾಲ್ಕು, ಇಚಲಕರಂಜಿಯ ಮಗ್ಗದ ಕಾರ್ಮಿಕ.

ಇಲ್ಲಿ ವರ್ಗೀಕರಣ ಮುರಿಯುತ್ತದೆ. ಹನ್ನೆರಡು ತಾಸಿನ ಪಾಳಿ ಮುಗಿಸಿ, ಕಿವಿಯಲ್ಲಿ ಇನ್ನೂ ಪವರ್‌ಲೂಮಿನ ಸದ್ದು ತುಂಬಿಕೊಂಡು, ನಸುಕಿನಲ್ಲಿ ಸೈಕಲ್ ತುಳಿಯುತ್ತ ಮನೆಗೆ ಹೋಗುವವನು ಯಾವ ಜಾಗೃತಿ ಮೂಡಿಸುತ್ತಾನೆ? ಅವನ ಸೈಕಲ್ಲಿಗೆ ದೀಪವಿಲ್ಲ. ಕಬ್ಬಿನ ಹಂಗಾಮಿನಲ್ಲಿ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಿರಲಿ, ಗಡಹಿಂಗ್ಲಜದ್ದಿರಲಿ, ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳಿಂದ ರಸ್ತೆ ತುಂಬುತ್ತದೆ. ಎಷ್ಟೋ ಟ್ರಾಲಿಗಳ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ, ಮುಂದೆ ಮಾತ್ರ ಸ್ಪೀಕರ್ ಒದರುತ್ತಿರುತ್ತದೆ. ಆ ಕತ್ತಲೆಯಲ್ಲಿ ಸೈಕಲ್ಲಿನವನು ಮಣ್ಣಿಗಿಳಿಯಬೇಕು. ಇಳಿಯಲು ಮಣ್ಣೂ ಇಲ್ಲದ ಕಡೆ ಏನು ಮಾಡಬೇಕು ಎಂದು ಯಾವ ಅಭಿಯಾನದವರೂ ಹೇಳಲಿಲ್ಲ. ನಮ್ಮ ಹಿಂದೆ ಕಾರಿತ್ತು. ಅದರ ನಾಲ್ಕೂ ದೀಪ ಮಿಣುಕುತ್ತಿದ್ದವು, ನಮ್ಮಂಥ ಇಬ್ಬರು ಹೊಟ್ಟೆತುಂಬಿದವರನ್ನು ಕಾಯಲಿಕ್ಕೆ.

2021ರ ನವೆಂಬರಿನಿಂದ ಮರುವರ್ಷದ ಏಪ್ರಿಲ್‌ವರೆಗೆ ಮಹಾರಾಷ್ಟ್ರದಲ್ಲಿ ಎಸ್‌ಟಿ, ಅಂದರೆ ಸರಕಾರಿ ಬಸ್ಸಿನ, ನೌಕರರ ಮುಷ್ಕರ ನಡೆಯಿತು. ಅವರ ಬೇಡಿಕೆ ನ್ಯಾಯದ್ದೇ ಇರಬಹುದು, ಅದು ಬೇರೆ ಮಾತು. ಹಳ್ಳಿಗಳಿಗೆ ಕೆಂಪು ಗಾಡಿ ಬರಲಿಲ್ಲ. ಸೈಕಲ್ ಇದ್ದ ಹುಡುಗಿ ಹೈಸ್ಕೂಲಿಗೆ ಹೋದಳು, ಇಲ್ಲದವಳು ನಡೆದಳು, ದೂರದವಳು ಮನೆಯಲ್ಲಿ ಉಳಿದಳು. ಅವಳ ಮನೆಯಿಂದ ಸಾಲಿಗಿರುವ ಕಿಲೋಮೀಟರುಗಳಿಗೆ ಯಾವ ಪ್ರಾಯೋಜಕನೂ ರೊಕ್ಕ ಕಟ್ಟಿರಲಿಲ್ಲ. ಗಡಿಯಾಚೆ ಹುಕ್ಕೇರಿ ತಾಲೂಕಿನಲ್ಲಿ ಅವಳದೇ ವಾರಿಗೆಯವರ ಅಕ್ಕಂದಿರಿಗೆ ಎಂಟನೆಯ ತರಗತಿಯಲ್ಲಿ ಸರಕಾರಿ ಸೈಕಲ್ ಸಿಕ್ಕಿತ್ತು; ಕರ್ನಾಟಕ 2006-07ರಲ್ಲಿ ಶುರುಮಾಡಿದ ಯೋಜನೆ ಅದು. ಕೊರೊನಾ ಕಾಲಕ್ಕೆ ಅದೂ ನಿಂತಿತು. ಸೈಕಲ್ ಕೊಡುವುದನ್ನು ನಿಲ್ಲಿಸಿದ ಕಾಲದಲ್ಲೇ ಸೈಕಲ್ ಹೊಡೆದು ಶಿಕ್ಷಣಕ್ಕೆ ನಿಧಿ ಎತ್ತುವ ನಮ್ಮಂಥವರು ಹೆಚ್ಚಾದರು.

ಉಳಿದ ಮೂರು ವಿಧಗಳನ್ನು ಬರೆಯುವುದಿಲ್ಲ.

ಫಲಿತಗಳು

ನೂಲಾಕ್ಷೇಪಕ್ಕೆ ಉತ್ತರ ದೊರೆಯಲಿಲ್ಲ. ಸಹಸಂಶೋಧಕನೊಡನೆ ಗೆಳೆತನ ಉಳಿದಿದೆ. ಮುಂದಿನ ವರ್ಷ ಕಾಶ್ಮೀರಕ್ಕೆ ಹೋಗೋಣ ಎನ್ನುತ್ತಾನೆ. ಮೊದಲು ಗಡಹಿಂಗ್ಲಜದ ಪೇಟೆಗೆ ಹೋಗೋಣ ಎಂದಿದ್ದೇನೆ. ಓದುಗರಲ್ಲಿ ದಾನಯಾತ್ರೆಗೆ ಹೊರಡುವವರಿದ್ದರೆ ಅವರಲ್ಲೂ ಇಷ್ಟೇ ವಿನಂತಿ: ಟಿ-ಶರ್ಟು ಹೊಲಿಸುವ ಮುಂಚೆ ನಿಮ್ಮ ಊರಿನ ಪಂಚರ್ ಅಂಗಡಿಗೆ ಹೋಗಿ. ಯಾವ ಹುಡುಗಿಯ ಸೈಕಲ್ಲು ಟಾಯರಿಲ್ಲದೆ ಗ್ವಾಡಿಗೆ ಒರಗಿದೆ, ಯಾವ ಕಾರ್ಮಿಕನ ಸೈಕಲ್ಲಿಗೆ ಹಿಂದಿನ ಕೆಂಪು ದೀಪವಿಲ್ಲ ಎಂದು ಆ ಅಜ್ಜನಿಗೆ ಗೊತ್ತಿರುತ್ತದೆ. ರೊಕ್ಕ ಅವನ ಕೈಗೆ ಕೊಟ್ಟು, ಹೆಸರು ಹೇಳದೆ ಮನೆಗೆ ನಡೆಯಿರಿ.