ರಾ ಫೈಲ್ ರಾಮಾಯಣ

ಹೊಸ ಕ್ಯಾಮೆರಾ ಕೊಂಡವನಿಗೆ ಹಿತೈಷಿಯೊಬ್ಬರು ಗಂಟು ಬೀಳದೆ ಇರುವುದಿಲ್ಲ: "ಜೆಪೆಗ್‌ನಲ್ಲಾ ತೆಗೆಯೋದು? ಛೆ, ರಾದಲ್ಲಿ ತೆಗೀರಿ ಸಾರ್!" ಮಾತು ಸುಳ್ಳಲ್ಲ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲಾದರೆ, 14 ಬಿಟ್ ರಾದಲ್ಲಿ 16,384. ರಂಗನತಿಟ್ಟಿನ ಕೊಕ್ಕರೆ ಸುಣ್ಣ ಬಳಿದ ಗೋಡೆಯಂತಾಗದೆ, ಒಂದೊಂದು ಗರಿಯೂ ಕಾಣಬೇಕಾದರೆ ಅಷ್ಟು ಬೇಕು.

ಆದರೆ ಫೈಲ್ ತೆರೆದರೆ ಚಿತ್ರ ಮಂಕೋ ಮಂಕು. ತಿದ್ದಲು ಸಾಫ್ಟ್‌ವೇರ್ ಬೇಕು. ಯಾವುದು?

ಲೈಟ್‌ರೂಮ್ ಸುಲಭ, ಆದರೆ ಬಾಡಿಗೆ ಕಟ್ಟುತ್ತಲೇ ಇರಬೇಕು. ಒಮ್ಮೆ ದುಡ್ಡು ಕೊಟ್ಟು ಸ್ವಂತ ಮಾಡಿಕೊಳ್ಳುವ ಭಾಗ್ಯ 2015ರ ಆರನೇ ಆವೃತ್ತಿಗೇ ಮುಗಿಯಿತು. ಕ್ಯಾಪ್ಚರ್ ಒನ್‌ನಲ್ಲಿ ಬಣ್ಣ ಸೊಗಸು, ಬೆಲೆ ಕೇಳಿದರೆ ನಮ್ಮ ಮುಖದ ಬಣ್ಣ ಇಳಿಯುತ್ತದೆ.

ಡಾರ್ಕ್‌ಟೇಬಲ್ ಪುಕ್ಕಟೆ. ಪುಕ್ಕಟೆ ಎಂದರೆ ನಮ್ಮ ಕಿವಿ ನೆಟ್ಟಗಾಗುತ್ತದಲ್ಲ! ಒಳಗೆ ಹೋದರೆ ಫಿಲ್ಮಿಕ್ ಅಂತೆ, ಸಿಗ್ಮಾಯ್ಡ್ ಅಂತೆ, ಟೋನ್ ಈಕ್ವಲೈಜರ್ ಅಂತೆ. ಮೊದಲೆರಡರ ಕೆಲಸ ಹೆಚ್ಚುಕಮ್ಮಿ ಒಂದೇ, ಒಂದನ್ನಷ್ಟೇ ಬಳಸಬೇಕು. ಹೊಸಬರು ಎರಡನ್ನೂ ಒತ್ತಿ ಕೊಕ್ಕರೆಯನ್ನು ಬೂದಿಯಲ್ಲಿ ಅದ್ದುತ್ತಾರೆ. ಆದರೂ ನನ್ನ ಓಟು ಇದಕ್ಕೇ. ತಲೆ ಕೆಡುತ್ತದೆ, ಜೇಬು ಕೆಡುವುದಿಲ್ಲ.

ಒಂದು ಎಚ್ಚರ: ಈ ಸಾಫ್ಟ್‌ವೇರ್‌ಗಳು ಮೂಲ ಫೈಲನ್ನು ಮುಟ್ಟುವುದಿಲ್ಲ, ತಿದ್ದುಪಡಿಯ ಟಿಪ್ಪಣಿ ಮಾತ್ರ ಬರೆದಿಡುತ್ತವೆ. ಒಬ್ಬರ ಟಿಪ್ಪಣಿ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗದು. ಹತ್ತಾರು ವರ್ಷದ ಚಿತ್ರ ಗುಡ್ಡೆ ಹಾಕಿಕೊಂಡ ಮೇಲೆ ಮನೆ ಬದಲಿಸುವುದು ಕಷ್ಟ.

ಇಷ್ಟೆಲ್ಲ ತಿದ್ದಿ ತೀಡಿ ಕಳಿಸುವುದೆಲ್ಲಿಗೆ? ವಾಟ್ಸಾಪ್ ಫ್ಯಾಮಿಲಿ ಗ್ರೂಪಿಗೆ. ಅದು ಚಿತ್ರವನ್ನು ಹಿಂಡಿ ಹಿಪ್ಪೆ ಮಾಡಿ ಬಡಿಸುತ್ತದೆ. ದೊಡ್ಡಮ್ಮ ಕೇಳುತ್ತಾರೆ: "ಚೆನ್ನಾಗಿ ಬಂದಿದೆ ಕಣೋ, ಯಾವ ಫೋನು?"