ಏನಾಗಲ್ಲಪ್ಪ

ಹೊಸಪೇಟೆಯಲ್ಲಿ ಫ್ಲೆಕ್ಸ್ ಅಂಗಡಿಗಳಿರುವ ಬೀದಿಗೆ ರಾತ್ರಿ ಒಂಬತ್ತರ ಮೇಲೆ ಹೋಗಿ ನಿಂತರೆ ಅವನು ಕಂಡೇ ಕಾಣುತ್ತಾನೆ. ಟಿವಿಎಸ್ ಎಕ್ಸೆಲ್ ಗಾಡಿ, ಮುಂದೆ ಕಾಲ ಸಂದಿಯಲ್ಲಿ ಸುರುಳಿ ಸುತ್ತಿದ ಬ್ಯಾನರು, ಹಿಂದೆ ಒಬ್ಬ ಹುಡುಗ. ಹುಡುಗನ ಹೆಗಲ ಮೇಲೆ ಏಣಿ; ಅವನ ತಲೆ ಏಣಿಯ ಎರಡು ಮೆಟ್ಟಿಲ ನಡುವೆ, ಕಿಟಕಿಯಿಂದ ಇಣುಕಿದ ಹಾಗೆ. ಏಣಿಯ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿದೆ. ಅವನ ಮಟ್ಟಿಗೆ ಸುರಕ್ಷತೆಯ ಮಾತು ಆ ಬಟ್ಟೆಗೇ ಮುಗಿಯಿತು.

ಅಪ್ಪ ಅವ್ವ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲಿದೆ. ಊರಿಗೆ ಮಾತ್ರ ಅವನು ಏನಾಗಲ್ಲಪ್ಪ. ದಿನಕ್ಕೆ ನೂರು ಸಲ "ಏನಾಗಲ್ಲ ಬಿಡ್ರಿ" ಅನ್ನುವವನಿಗೆ ಬೇರೆ ಹೆಸರು ಯಾಕೆ? ಕಂಪ್ಲಿಯಲ್ಲಿ ಅವನಂಥವನೊಬ್ಬ ಇದ್ದಾನೆ, ಸಂಡೂರಿನಲ್ಲಿ ಇಬ್ಬರು, ಕಮಲಾಪುರದಲ್ಲಿ ಅರ್ಧ (ಉಳಿದರ್ಧ ದಿನ ಬಾಳೆ ತೋಟದ ಕೆಲಸ). ಇಲ್ಲಿ ಅವರೆಲ್ಲ ಸೇರಿ ಒಬ್ಬನಾಗಿದ್ದಾರೆ.

ಆ ಮಾತು ಅವನ ಬಾಯಿಗೆ ಹೇಗೆ ಬಂತು ಅಂತ ತಿಳಿಯಬೇಕಾದರೆ ಅಂಗಡಿಯೊಳಗೆ ವ್ಯಾಪಾರ ಕುದುರುವಾಗ ಇರಬೇಕು. "ಹತ್ತು ಬೈ ನಾಕು ಬೋರ್ಡ್ ಎಷ್ಟಪ್ಪಾ?" ಅಂತ ಗಿರಾಕಿ ಕೇಳುತ್ತಾನೆ. "ಪ್ರಿಂಟಿಂಗ್ ಬ್ಯಾರೆ, ಫ್ರೇಮು ಬ್ಯಾರೆ, ಫಿಟಿಂಗ್ ಬ್ಯಾರೆ ಅಣ್ಣ." "ಫಿಟಿಂಗ್‌ಗೂ ರೊಕ್ಕಾನಾ? ನಾಕು ಮೊಳಿ ಹೊಡಿಯೋಕ?" ಎರಡನೇ ಅಂತಸ್ತಿನ ಮೇಲೆ ಆ ನಾಲ್ಕು ಮೊಳೆ ಹೊಡೆಯಲು ಸಾರವೆ ಕಟ್ಟಬೇಕು, ಕೆಳಗೆ ಏಣಿ ಹಿಡಿಯಲು ಇನ್ನೊಬ್ಬ ಆಳು ಬೇಕು, ಸೊಂಟಕ್ಕೆ ಬೆಲ್ಟ್ ಬೇಕು. ಇದನ್ನೆಲ್ಲ ಲೆಕ್ಕಕ್ಕೆ ಸೇರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹಾಗಾಗಿ ಸಾರವೆ ಹೋಯಿತು, ಆಳು ಹೋದ, ಬೆಲ್ಟು ಮೊದಲೇ ಇರಲಿಲ್ಲ. ಕೊನೆಗೆ ಗಿರಾಕಿಯೇ ಅರ್ಧ ಮನಸ್ಸಿನಿಂದ "ಬಿದ್ದುಗಿದ್ದಿಯೋ ಮಾರಾಯ" ಅನ್ನುತ್ತಾನೆ. "ಏನಾಗಲ್ಲ ಬಿಡ್ರಿ." ಸಾರವೆಯ ದುಡ್ಡು ಉಳಿಯಿತು, ಅದರ ಜಾಗಕ್ಕೆ ಒಂದು ಮಾತು ಬಂತು. ಮಾತಿಗೆ ಚದರಡಿ ರೇಟಿಲ್ಲ.

ಬೋರ್ಡುಗಳ ಸುಗ್ಗಿ ಬಂದಾಗ ಈ ಮಾತಿಗೂ ಸುಗ್ಗಿ. 2024ರ ಆರಂಭದಲ್ಲಿ ನಾಮಫಲಕದ ಶೇ. 60 ಭಾಗ, ಅದೂ ಮೇಲ್ಭಾಗದಲ್ಲಿ, ಕನ್ನಡವೇ ಇರಬೇಕೆಂಬ ತಿದ್ದುಪಡಿ ಬಂತು. ಬೆಂಗಳೂರಿನಲ್ಲಿ ಫೆಬ್ರವರಿ 28ರ ಗಡುವು. ಅಲ್ಲಿನ ಗಡಿಬಿಡಿ ಟಿವಿಯಲ್ಲಿ ಕಂಡು ಇಲ್ಲಿನ ಅಂಗಡಿಯವರೂ ಬೋರ್ಡಿನತ್ತ ಕತ್ತೆತ್ತಿ ನೋಡತೊಡಗಿದರು. ಕನ್ನಡಕ್ಕೆ ಒಳ್ಳೆಯದೇ ಆಯಿತು. ಅಕ್ಷರ ಹೊತ್ತು ಏಣಿ ಹತ್ತಿದವನು ಮಾತ್ರ ಅದೇ ಹವಾಯಿ ಚಪ್ಪಲಿಯಲ್ಲಿ ಹತ್ತಿದ. ಚಪ್ಪಲಿ ಜಾರುತ್ತದೆ ಅಂತ ಅನಿಸಿದರೆ ಬಿಟ್ಟು ಬರಿಗಾಲಲ್ಲಿ ಹತ್ತುತ್ತಾನೆ. ಅದು ಅವನ ಪಾಲಿನ ಮುನ್ನೆಚ್ಚರಿಕೆ.

ಹಗಲು ಅವನು ರೇಡಿಯಂ ಅಂಗಡಿಯಲ್ಲಿ ಸಿಗುತ್ತಾನೆ. ಲಾರಿ, ಬೈಕು, ಆಟೊಗಳಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಗೆ ಕರ್ನಾಟಕದ ತುಂಬ ಇದೇ ಹೆಸರು. ಅಲ್ಲಿ ರೇಡಿಯಂ ಕಣದಷ್ಟೂ ಇಲ್ಲ, ಇರುವುದು ಬೆಳಕು ಬಿದ್ದರೆ ಹೊಳೆಯುವ ಪ್ಲಾಸ್ಟಿಕ್ ಹಾಳೆ. ನಿಜವಾದ ರೇಡಿಯಂ ಹಚ್ಚಿದವರ ಕತೆ ಬೇರೆ. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿ ಚೂಪಾಗಲೆಂದು ತುಟಿಗಿಟ್ಟು ಎಳೆಯುತ್ತಿದ್ದರು. ಏನೂ ಆಗುವುದಿಲ್ಲ ಎಂದು ಮೇಲಿನವರು ಅವರಿಗೂ ಹೇಳಿದ್ದರು. ದವಡೆ ಕೊಳೆತು ಹಲವರು ಸತ್ತರು. ಐವರು ಹೂಡಿದ ದಾವೆ 1928ರಲ್ಲಿ ರಾಜಿಯಾಯಿತು. ನಮ್ಮ ಏನಾಗಲ್ಲಪ್ಪ ಬಾಯಿಗಿಡುವುದು ಕುಂಚವಲ್ಲ, ಮೊಳೆ. ಎರಡೂ ಕೈಗೆ ಕೆಲಸ ಬಿದ್ದಾಗ ಕಟ್ಟರ್ ಬ್ಲೇಡನ್ನೂ ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾನೆ. ಆಗ ಅವನನ್ನು ನಗಿಸಬಾರದು.

ಆ ಕಟ್ಟರಿನ ಬ್ಲೇಡಿಗೆ ಅಡ್ಡಗೆರೆಗಳಿರುತ್ತವೆ. ತುದಿ ಮೊಂಡಾದರೆ ಇಕ್ಕಳದಲ್ಲಿ ಹಿಡಿದು ಗೆರೆಗೆ ಸರಿಯಾಗಿ ಮುರಿದರೆ ಹೊಸ ತುದಿ ಸಿಗುತ್ತದೆ. ಗೆರೆ ಇರುವುದೇ ಅದಕ್ಕೆ. ಏನಾಗಲ್ಲಪ್ಪ ಮುರಿಯುವುದಿಲ್ಲ, ಬ್ಲೇಡು ದಂಡವಾಗುತ್ತದಂತೆ. ಮೊಂಡು ಬ್ಲೇಡಿಗೆ ಒತ್ತಡ ಜಾಸ್ತಿ ಬೇಕು, ಒತ್ತಿದ್ದು ಜಾರುತ್ತದೆ, ಜಾರಿದ ದಾರಿಯಲ್ಲಿ ಎಡಗೈ ಹೆಬ್ಬೆರಳು ಕಾದಿರುತ್ತದೆ. ಆ ಹೆಬ್ಬೆರಳು ಈಗೊಂದು ಚುನಾವಣಾ ದಾಖಲೆ. "ಇದು 2018ರ ಎಲೆಕ್ಷನ್ ರಿ, ಇದು 2023ರದ್ದು. ಈ ಸಣ್ಣದು ಸಂಡೂರು ಬೈ ಎಲೆಕ್ಷನ್" ಅಂತ ಬೆರಳು ಚಾಚಿ ತೋರಿಸುತ್ತಾನೆ. ಸಂಡೂರಿನ ಉಪಚುನಾವಣೆ 2024ರ ನವೆಂಬರ್ 13ರಂದು ನಡೆಯಿತು. ಅದರ ಗೆರೆ ಇನ್ನೂ ಗುಲಾಬಿ ಬಣ್ಣದ್ದು. ಯಾರು ಗೆದ್ದರು ಎಂಬುದರ ಬಗ್ಗೆ ಬೆರಳು ತಟಸ್ಥ.

ಸಂಡೂರು ಅವನಿಗೆ ಪ್ರೀತಿಯ ಊರು, ವಿನೈಲಿಗೆ ವೈರಿಯ ಊರು. ಅದಿರಿನ ಕೆಂಧೂಳು ಟಿಪ್ಪರಿನ ಬಾಗಿಲ ಮೇಲೆ ಪದರವಾಗಿ ಕೂತಿರುತ್ತದೆ. ಒರೆಸದೆ ಅಂಟಿಸಿದರೆ ಸ್ಟಿಕ್ಕರು ವಾರದಲ್ಲಿ ಹಪ್ಪಳದಂತೆ ಏಳುತ್ತದೆ. ಮೊದಲು ಸೋಪಿನ ನೀರು, ಆಮೇಲೆ ಐಪಿಎ ಅನ್ನುವ ಸ್ಪಿರಿಟ್ಟು, ಅದಿಲ್ಲದಿದ್ದರೆ ತಿನ್ನರ್. ಒರೆಸಿದ ಮೇಲೆ ಹಾಳೆ ಎಳೆದು, ಮೂಲೆಮುರುಕುಗಳಲ್ಲಿ ಹೀಟ್ ಗನ್ನಿನ ಬಿಸಿ ಕೊಟ್ಟು ಕೂರಿಸಬೇಕು. ಐಪಿಎ 12 ಡಿಗ್ರಿಯ ತಣ್ಣಗಿನ ಹವೆಯಲ್ಲೂ ಕಿಡಿಗೆ ಹೊತ್ತುವಷ್ಟು ಆವಿ ಬಿಡುತ್ತದೆ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 40 ಮುಟ್ಟುತ್ತದೆ. ಹೀಟ್ ಗನ್ನಿನ ಮೂತಿಯಲ್ಲಿ 500 ಡಿಗ್ರಿ ದಾಟಿದ ಗಾಳಿ. ಸ್ಪಿರಿಟ್ಟಿಗೂ ಆ ಗಾಳಿಗೂ ನಡುವೆ ಇರುವ ಅಂತರ ಏನಾಗಲ್ಲಪ್ಪನ ಒಂದು ಮೊಳ. ತಿನ್ನರಿನ ಬಾಟಲಿಗೆ ಮುಚ್ಚಳವಿಲ್ಲ, ಮುಚ್ಚಳದ ಬದಲು ಬಟ್ಟೆ ತುರುಕಿದೆ. ನೋಡಿದವರಿಗೆ ಗಲಾಟೆಯಲ್ಲಿ ಎಸೆಯುವ ಪೆಟ್ರೋಲ್ ಬಾಂಬಿನ ನೆನಪಾಗುತ್ತದೆ. ಅವನಿಗೆ ಆ ಬಟ್ಟೆ ಒರೆಸಲು ಅನುಕೂಲ.

ಇದೇ ಮನುಷ್ಯ ಗಣಿ ಗೇಟಿನೊಳಗೆ ಹೋದರೆ ಗುರುತು ಸಿಗುವುದಿಲ್ಲ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ, ಅಲ್ಲಿಂದ ಒಂದು ವಾರ ಸಪ್ತಾಹ. ಸಂಡೂರು ಮತ್ತು ತೋರಣಗಲ್ಲಿನ ಸುತ್ತ ಗಣಿ, ಕಾರ್ಖಾನೆಗಳಿಗೇನು ಕಮ್ಮಿ? ಬ್ಯಾನರ್ ಆರ್ಡರಿನ ಮಳೆ. ಗೇಟಿನಲ್ಲಿ ಸೆಕ್ಯುರಿಟಿಯವನು ಚಪ್ಪಲಿ ನೋಡಿ ತಡೆಯುತ್ತಾನೆ. ಶೂ, ಹೆಲ್ಮೆಟ್, ಹೊಳೆಯುವ ಜಾಕೆಟ್, ಎತ್ತರಕ್ಕೆ ಹತ್ತುವುದಾದರೆ ಕೊಂಡಿಯ ಬೆಲ್ಟ್, ಇವೆಲ್ಲ ಇದ್ದರೂ ವರ್ಕ್ ಪರ್ಮಿಟ್ ಇಲ್ಲದೆ ಏಣಿ ಊರುವಂತಿಲ್ಲ. ನಾಲ್ಕು ತಾಸು ಕಾದು, ಮೂರು ಸಹಿ ಹಾಕಿಸಿ, ಇಪ್ಪತ್ತು ನಿಮಿಷದಲ್ಲಿ "ಸುರಕ್ಷತೆಯೇ ಮೊದಲು" ಕಟ್ಟಿ ಇಳಿಯುತ್ತಾನೆ. ಮೊದಲ ಸಲದ ಪ್ರಿಂಟಿನಲ್ಲಿ "ಸುರಕ್ಷೆತೆ" ಅಂತ ಬಿದ್ದಿತ್ತು. ಅದಕ್ಕೇ ಇನ್ನೂ ಎರಡು ತಾಸು ಹೋಯಿತು. ಮಿಕ್ಕ ಒಂದು ಬ್ಯಾನರು ಕಾಂಪೌಂಡಿನ ಹೊರಗೋಡೆಗೆ. ಗೇಟು ದಾಟಿದ್ದೇ ಶೂ ಕಳಚಿದ, ಬೆಲ್ಟು ವಾಪಸ್ ಕೊಟ್ಟ, ಹವಾಯಿ ಮೆಟ್ಟಿದ. ಅದೇ ಘೋಷಣೆ, ಅದೇ ಎತ್ತರ, ಹತ್ತು ಮಾರು ದೂರ. "ಒಳಗ ಅವ್ರ ರೂಲ್ಸು ರಿ. ಹೊರಗ ನಮ್ದು."

ಹಂಪಿಯಲ್ಲಿ ಅವನ ವಿನಯ ಇನ್ನೂ ಹೆಚ್ಚು. ಉತ್ಸವದ ಸ್ವಾಗತ ಬ್ಯಾನರು ಎಲ್ಲೆಲ್ಲಿಗೂ ಬೇಕು, ಆದರೆ ಸ್ಮಾರಕದ ಹತ್ತಿರ ಮೊಳೆ ತೋರಿಸುವಂತಿಲ್ಲ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಪುರಾತತ್ವ ಇಲಾಖೆಯ ನೀಲಿ ಬೋರ್ಡೇ ಸಾರುತ್ತದೆ. ವಿಜಯನಗರ ಕಾಲದ ಕಲ್ಲುಗಂಬದ ಬಳಿ ಅವನು ಹರಳೆಣ್ಣೆ ದೀಪ ಹಿಡಿದವನಂತೆ ಮೆಲ್ಲಗೆ ಹೆಜ್ಜೆ ಇಡುತ್ತಾನೆ. ಕಂಬಕ್ಕೆ ಗೀರು ಬಿದ್ದರೆ ಕೇಳಲು ಕೇಂದ್ರ ಸರ್ಕಾರವಿದೆ. ಅವನ ತಲೆಬುರುಡೆಗೆ ಬಿದ್ದರೆ ಕೇಳಲು ಕಾನೂನು ಇಲ್ಲವೆಂದಲ್ಲ, ಕೆಲಸಗಾರರ ಪರಿಹಾರದ ಕಾಯ್ದೆ 1923ರಲ್ಲೇ ಬಂತು. ಅವನನ್ನು ಕೆಲಸಕ್ಕೆ ಇಟ್ಟವರು ಯಾರು ಎಂಬ ಪ್ರಶ್ನೆಗೆ ಮಾತ್ರ ಕಾಗದದಲ್ಲಿ ಉತ್ತರವಿಲ್ಲ. ಅಂಗಡಿಯವನಿಗೆ ಅವನು "ನಮ್ ಹುಡುಗ", ಗಿರಾಕಿಗೆ "ಅಂಗಡಿಯವನು".

ಇನ್ನು ರಾತ್ರಿ ಕೆಲಸ. ರಾತ್ರಿ ಯಾಕೆ? ರಾಜ್ಯ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಚೀಲದ ಜತೆ ಫ್ಲೆಕ್ಸನ್ನೂ ನಿಷೇಧಿಸಿದೆ. ನಿಷೇಧವಾದ ಮೇಲೆ ಫ್ಲೆಕ್ಸ್ ನಿಲ್ಲಲಿಲ್ಲ, ಕಟ್ಟುವ ಹೊತ್ತು ಬದಲಾಯಿತು, ಅಷ್ಟೆ. ಕತ್ತಲಲ್ಲಿ, ಮೊಬೈಲ್ ಟಾರ್ಚು ಬಾಯಲ್ಲಿ ಕಚ್ಚಿಕೊಂಡು (ಮೊಳೆ ಈಗ ಜೇಬಿನಲ್ಲಿ) ಕೆಲಸ. ಪರವಾನಗಿ ಇಲ್ಲದ ಬ್ಯಾನರಿಗೆ ಲೈನ್ ಆಫ್ ಮಾಡಿಕೊಡಿ ಅಂತ ಕೆಇಬಿಯವರನ್ನು ಕೇಳುವ ಧೈರ್ಯ ಯಾರಿಗಿದೆ? ಕೆಇಬಿ 1999ರಲ್ಲಿ ಹೋಗಿ, 2002ರಿಂದ ಇಲ್ಲಿ ಇರುವುದು ಜೆಸ್ಕಾಂ. ಜನರ ಬಾಯಲ್ಲಿ ಕೆಇಬಿಗೆ ಸಾವಿಲ್ಲ.

ತಂತಿಯ ವಿಷಯದಲ್ಲಿ ಏನಾಗಲ್ಲಪ್ಪ ಅಜ್ಞಾನಿ ಅಂದುಕೊಂಡರೆ ತಪ್ಪು. ಯಾವ ಕಂಬದ ಮೇಲಿನ ಮೂರು ತಂತಿ 11 ಕೆವಿ, ಯಾವುದು ಮನೆಗೆ ಹೋಗುವ ಲೈನು, ಎಲ್ಲ ಬಾಯಿಪಾಠ. 11 ಕೆವಿ ಲೈನಿಗೂ ಕಟ್ಟಡಕ್ಕೂ ಅಡ್ಡಲಾಗಿ 1.2 ಮೀಟರ್, ಮೇಲ್ಗಡೆಗೆ 3.7 ಮೀಟರ್ ಅಂತರ ಇರಬೇಕೆಂಬುದು ನಿಯಮ. ಅವನ ಅಳತೆಯಲ್ಲಿ ಅದು "ಕೈ ಚಾಚಿದ್ರ ಸಿಗಬಾರ್ದು". ಕೈ ಸಿಗುವುದಿಲ್ಲ, ನಿಜ. ಕೈಯಲ್ಲಿ ಹಿಡಿದ ಇಪ್ಪತ್ತಡಿ ಕಬ್ಬಿಣದ ಫ್ರೇಮು ಸಿಗುತ್ತದೆ. ಫ್ಲೆಕ್ಸು ಪ್ಲಾಸ್ಟಿಕ್ಕು, ಅದನ್ನು ಬಿಗಿದ ಚೌಕ ಪೈಪು ಕಬ್ಬಿಣ, ಬೈಂಡಿಂಗ್ ವೈರು ಕಬ್ಬಿಣ, ಏಣಿ ಅಲ್ಯೂಮಿನಿಯಂ.

ಗಾಳಿ ಬೇರೆ. ಕಂಪ್ಲಿ ಕಡೆ ಗದ್ದೆ ಬಯಲು, ಆಷಾಢದ ಗಾಳಿಗೆ ಅಡ್ಡ ಬರುವುದು ಬ್ಯಾನರೊಂದೇ. 20 ಅಡಿ ಅಗಲ 10 ಅಡಿ ಎತ್ತರದ ಫ್ಲೆಕ್ಸಿಗೆ ಗಂಟೆಗೆ 40 ಕಿ.ಮೀ. ವೇಗದ ಗಾಳಿ ನೇರ ಬಡಿದರೆ ಸುಮಾರು 140 ಕೆ.ಜಿ. ಭಾರದ ತಳ್ಳು, ಹತ್ತತ್ತಿರ ಎರಡು ಚೀಲ ನೆಲ್ಲು. ಹಿಡಿದು ನಿಂತ ಹುಡುಗನ ತೂಕ ಒಂದು ಚೀಲಕ್ಕೂ ಕಮ್ಮಿ. ಇದಕ್ಕೆ ಏನಾಗಲ್ಲಪ್ಪನ ಬಳಿ ಮದ್ದಿದೆ: ಫ್ಲೆಕ್ಸಿನಲ್ಲಿ ಅಲ್ಲಲ್ಲಿ ಅರ್ಧಚಂದ್ರದ ಸೀಳು ಕೊಯ್ದು ಗಾಳಿಗೆ ದಾರಿ ಮಾಡುವುದು. ಮುಖಂಡರ ಮುಖದ ಮೇಲೆ ಸೀಳುವಂತಿಲ್ಲ. ಮುಖವೇ ಬ್ಯಾನರಿನ ಮುಕ್ಕಾಲು ಭಾಗ ಇರುವುದರಿಂದ ಗಾಳಿಗೆ ಉಳಿಯುವ ದಾರಿ ಕೆಳಗಿನ "ಶುಭ ಕೋರುವವರು" ಸಾಲು ಒಂದೇ.

ಬಿಚ್ಚುವ ಕೆಲಸಕ್ಕೆ ಕೂಲಿಯೇ ಇಲ್ಲ, ಹಾಗಾಗಿ ಅದು ಅವಸರದ ಅವಸರ. 2018ರ ಅಕ್ಟೋಬರಿನಲ್ಲಿ ಪುಣೆಯಲ್ಲಿ ರೈಲ್ವೆ ಜಾಗದ ಹೋರ್ಡಿಂಗ್ ತೆಗೆಯುವಾಗ ಕಬ್ಬಿಣವನ್ನು ಬುಡದಿಂದ ಕತ್ತರಿಸಿದರು; ಅದು ಸಿಗ್ನಲ್ಲಿನಲ್ಲಿ ನಿಂತ ವಾಹನಗಳ ಮೇಲೆ ಉರುಳಿ ನಾಲ್ವರು ಸತ್ತರು. ಬಿಚ್ಚದೆ ನಿಂತದ್ದೂ ಬೀಳುತ್ತದೆ. ಮುಂಬೈನ ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಬಿದ್ದದ್ದು 120 ಅಡಿಗೆ 120 ಅಡಿಯದು. ಹದಿನೇಳು ಜನ. ಆ ವಿಡಿಯೋವನ್ನು ಏನಾಗಲ್ಲಪ್ಪ ಚಾ ಅಂಗಡಿಯಲ್ಲಿ ಮೂರು ಸಲ ನೋಡಿದ. "ಫೌಂಡೇಷನ್ ಸರಿ ಹಾಕಿಲ್ರಿ" ಅಂದ. ಅಷ್ಟು ಹೇಳಿ ಗಾಡಿ ಹತ್ತಿದ.

ಅವನು ಮಾತಾಡದ ಘಟನೆ ಒಂದಿದೆ. ಹೆದ್ದಾರಿ 67 ಹಿಡಿದು ಹೋದರೆ ಕೊಪ್ಪಳ ಆದ ಮೇಲೆ ಗದಗ ಜಿಲ್ಲೆ. ಅಲ್ಲಿನ ಲಕ್ಷ್ಮೇಶ್ವರ ತಾಲ್ಲೂಕಿನಲ್ಲಿ ಸೂರಣಗಿ. 2024ರ ಜನವರಿ 8 ನಟ ಯಶ್ ಹುಟ್ಟುಹಬ್ಬ. ಹಿಂದಿನ ರಾತ್ರಿ ಊರ ಹುಡುಗರು ದೊಡ್ಡ ಕಟೌಟ್ ಎತ್ತಿ ನಿಲ್ಲಿಸಲು ಹೋದರು, ಫ್ರೇಮು ಮೇಲಿನ ತಂತಿಗೆ ತಾಗಿತು. ಇಪ್ಪತ್ತರ ಆಜುಬಾಜಿನ ಮೂವರು ಸತ್ತರು, ಇನ್ನೂ ಮೂವರಿಗೆ ಗಾಯ. ಮರುದಿನ ನಟ ಆ ಮನೆಗಳಿಗೆ ಹೋದರು. ಹೊಸಪೇಟೆಯೂ ಅಭಿಮಾನಿಗಳ ಊರೇ. ಪುನೀತ್ ರಾಜ್‌ಕುಮಾರ್ ಪ್ರತಿಮೆ 2022ರ ಜೂನ್‌ನಿಂದ ಇಲ್ಲಿ ನಿಂತಿದೆ. ಸಿನಿಮಾ ಬಿಡುಗಡೆಯ ಹಿಂದಿನ ರಾತ್ರಿ ಥೇಟರ್ ಮುಂದೆ ಕಟೌಟ್ ಎತ್ತುವವರು ಇಂಥ ಹುಡುಗರೇ. ಏನಾಗಲ್ಲಪ್ಪ ಎಷ್ಟೋ ಸಲ ಅವರ ನಡುವೆ ನಿಂತು "ಎಳೀರಿ, ಎಳೀರಿ" ಅಂದವನು.

ಸೂರಣಗಿಯ ಮಾತು ಎತ್ತಿದರೆ ಬೀಡಾ ಉಗುಳಲು ಎದ್ದು ಹೋಗುತ್ತಾನೆ. ಬದಲಾದದ್ದು ಒಂದೇ. ಫ್ರೇಮು ಎತ್ತುವ ಮುಂಚೆ ಈಗ ಲೈನ್‌ಮನ್‌ಗೆ ಫೋನ್ ಹಚ್ಚುತ್ತಾನೆ. "ಏನಿಲ್ಲಣ್ಣ, ಊಟ ಆತೇನ್ ಅಂತ ಕೇಳಾಕ" ಅಂತ ಶುರು ಮಾಡಿ, ಮಗಳ ಸ್ಕೂಲು, ನಾಲೆಯ ನೀರು ಎಲ್ಲ ಮುಗಿಸಿ, ಕೊನೆಗೆ "ಆ ಕಂಪ್ಲಿ ರೋಡಿಂದು ಲೈನ್ ಐತೇನಣ್ಣ ಈಗ?" ಅನ್ನುತ್ತಾನೆ.

ಮೊನ್ನೆಯೂ ಹಾಗೇ ಆಯಿತು. ಕಂಪ್ಲಿ ರಸ್ತೆ, ರಾತ್ರಿ ಹನ್ನೊಂದೂವರೆ, ಹನ್ನೆರಡಕ್ಕೆ ಮುಖಂಡರ ಕೇಕು. ಫೋನಿನಲ್ಲಿ ಉತ್ತರ ಬಂತು: ಲೈನ್ ಇದೆ, ಆಫ್ ಮಾಡುವ ಮಾತಿಲ್ಲ. ಏನಾಗಲ್ಲಪ್ಪ ಏಣಿಯ ಮೂರನೇ ಮೆಟ್ಟಿಲಿನಿಂದ ಇಳಿದ. ಬಿಳಿ ಅಂಗಿಯ ಯುವ ಮುಖಂಡನೊಬ್ಬ ಗಡಿಯಾರ ನೋಡುತ್ತ ಹತ್ತಿರ ಬಂದ.

"ಏ, ಏನಾಗಲ್ಲ ಹತ್ತೋ!"

ಏನಾಗಲ್ಲಪ್ಪ ಅವನನ್ನು ಅಡಿಯಿಂದ ಮುಡಿವರೆಗೆ ಒಂದು ಸಲ ನೋಡಿದ. ಏಣಿಯನ್ನು ಅವನ ಕಡೆ ವಾಲಿಸಿ, "ಹೌದ್ರಿ ಅಣ್ಣ, ಏನಾಗಲ್ಲ. ನೀವ ಹತ್ರಿ, ನಾ ಕೆಳಗ ಹಿಡಿತೀನಿ" ಅಂದ.

ಬಿಳಿ ಅಂಗಿಗೆ ಆಗಲೇ ಯಾರದೋ ಫೋನ್ ಬಂತು. ಹುಡುಗ ಗಾಡಿಯ ಸೀಟಿನ ಮೇಲೆ ಕೂತು ಮಂಡಕ್ಕಿ ಪೊಟ್ಟಣ ಬಿಚ್ಚಿದ. ರಸ್ತೆ ಬದಿಯ ಹುಲ್ಲಿನ ಮೇಲೆ ಮುಖಂಡರು ಇಪ್ಪತ್ತಡಿ ಉದ್ದಕ್ಕೆ ಅಂಗಾತ ಮಲಗಿ ಕೈಮುಗಿದು ಆಕಾಶ ನೋಡುತ್ತಿದ್ದರು. ಬೀದಿನಾಯಿಯೊಂದು ಬಂದು ಮೂಸಿ, ಗಲ್ಲದ ಹತ್ತಿರ ಬೆಚ್ಚಗಿನ ಜಾಗ ನೋಡಿ ಸುರುಳಿ ಸುತ್ತಿಕೊಂಡು ಮಲಗಿತು.