ಕಾರವಾರಕ್ಕೆ ಹೊಂಟೀರಂತಲ್ರೀ?

ಕಾರವಾರಕ್ಕೆ ಹೊಂಟೀರಂತಲ್ರೀ ಅಕ್ಕಾರ, ಮಕ್ಕಳನ್ನೂ ಕರಕೊಂಡು? ಭಾಳ ಚಲೋ ಆತು. ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಮಂದಿ ಸಮುದ್ರ ಅಂದರೆ ಗೋಕರ್ಣ, ಇಡಗುಂಜಿ, ಮುರ್ಡೇಶ್ವರ ಮುಗಿಸಿ ಗಾಡಿ ತಿರುಗಿಸಿಬಿಡುತ್ತಾರೆ. ದೇವರ ದರ್ಶನ ಬೇಕು, ಬ್ಯಾಡ ಅಂದವರ‍್ಯಾರು? ಆದರೆ ಮಕ್ಕಳ ಕಾಲು ಒದ್ದೆಯಾಗುವಷ್ಟರಲ್ಲಿ ‘ಬರ‍್ರಿ, ಬರ‍್ರಿ, ಹೊತ್ತಾತು’ ಅಂತ ಕೂಗು ಬೀಳುತ್ತದೆ. ಅಷ್ಟು ದೂರ ಹೋಗಿ ಹುಡುಗರಿಗೆ ಒಂದು ಸಂಜೆ ಪೂರ್ತಿ ಸಮುದ್ರ ಕೊಡದೆ ಬರೋದು ನನಗಂತೂ ಸಹಿಸಲಿಕ್ಕಾಗೋದಿಲ್ಲ.

ಕಾರವಾರದಲ್ಲಿ ಬೆನ್ನಿಗೆ ಗುಡ್ಡ, ಮುಂದೆ ಕಡಲು. ಗುಡ್ಡಕ್ಕೆ ನಮ್ಮ ಹುಡುಗರು ಅಂಜುವವರಲ್ಲ ಬಿಡ್ರಿ, ಅಂಜನಾದ್ರಿಯ 575 ಮೆಟ್ಟಿಲನ್ನು ಓಡುತ್ತಲೇ ಹತ್ತುವ ಕುಲ. ಆದರೆ ನಮ್ಮವು ಬಂಡೆಯ ಗುಡ್ಡ, ಅಲ್ಲಿಯವು ಹಸಿರು. ಇಲ್ಲಿ ವರ್ಷಕ್ಕೆ ಹೆಚ್ಚೂಕಡಿಮೆ 600 ಮಿಲಿಮೀಟರ್ ಮಳೆ, ಅಲ್ಲಿ 3000ದ ಆಸುಪಾಸು. ಕಾಳಿ ನದಿ ದಾಟಿದರೆ ಸದಾಶಿವಗಡ. ಕೋಟೆ ಬಹಳ ಉಳಿದಿಲ್ಲ, ಆದರೂ ಮೇಲೆ ಹತ್ತಿಸಿರಿ. ಜೋಯಿಡಾ ಕಾಡಿನಲ್ಲಿ ಹುಟ್ಟಿದ ಕಾಳಿ 184 ಕಿಲೋಮೀಟರ್ ಹರಿದು ಸಮುದ್ರಕ್ಕೆ ಸೇರೋದು ಕಣ್ಣಮುಂದೆಯೇ ಕಾಣುತ್ತದೆ. ನಮ್ಮ ಮಕ್ಕಳು ಡ್ಯಾಮು ನೋಡ್ಯಾರ, ಕಾಲುವೆ ನೋಡ್ಯಾರ. ಹೊಳೆ ಮುಗಿಯೋದನ್ನ ಎಲ್ಲಿ ನೋಡಬೇಕು? ತುಂಗಭದ್ರೆ ಹೋಗಿ ಕೃಷ್ಣೆಯೊಳಗೆ ಕೂಡಿಬಿಡುತ್ತಾಳಲ್ಲ.

ಕೋಟೆ ಅಂದಕೂಡಲೇ ನೆನಪಾತು ನೋಡ್ರಿ. ನಾವು ಸಣ್ಣವರಿದ್ದಾಗ ಕೊಪ್ಪಳದ ಕೋಟೆ ಹತ್ತಿ ಕುಂತು ರೈಲು ನೋಡೋದೇ ದೊಡ್ಡ ಆಟ. ಗದಗಿನ ಕಡೆ ಹೋಗುವ ಗಾಡಿ ಕಣ್ಣಿಗೆ ಮರೆಯಾಗೋ ತನಕ ಯಾರೂ ಏಳುತ್ತಿರಲಿಲ್ಲ. ಇದು ಎಲ್ಲಿಗೆ ಹೋಗತೈತಿ ಅಂತ ಕೇಳಿದರೆ ನಮ್ಮ ಸೋದರಮಾವ ‘ಸಮುದ್ರಕ್ಕ’ ಅನ್ನುತ್ತಿದ್ದ. ಅಷ್ಟಕ್ಕೇ ರಾತ್ರಿಯೆಲ್ಲ ಸಮುದ್ರದ ಮಾತು. ಇರಲಿ, ಎಲ್ಲಿದ್ದೆ?

ಹಾಂ, ಸಂಜೆ. ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಇಳಿತದ ಹೊತ್ತು ನೋಡಿಕೊಂಡು ಹೋಗ್ರಿ. ಮೀನುಗಾರರನ್ನು ಕೇಳಿದರೆ ಹೊತ್ತು ಹೇಳುತ್ತಾರೆ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ, ಇವತ್ತು ನಾಲ್ಕಕ್ಕಿದ್ದರೆ ನಾಳೆ ಐದರ ಹತ್ತಿರ. ನೀರು ಹಿಂದೆ ಸರಿದ ಹಸಿ ಮರಳಿನ ಮೇಲೆ ಸಾಸಿವೆ, ಜೋಳದ ಕಾಳಿನಷ್ಟು ಮರಳುಂಡೆಗಳು ಸಾಲುಸಾಲಾಗಿ ಬಿದ್ದಿರುತ್ತವೆ. ನಡುವೆ ಒಂದು ಸಣ್ಣ ತೂತು, ಅದರ ಸುತ್ತ ಉಂಡೆಗಳ ರಂಗೋಲಿ. ದೊಡ್ಡವರು ತುಳಿದುಕೊಂಡು ಹೋಗುತ್ತಾರೆ, ಮಕ್ಕಳು ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂಡುತ್ತಾರೆ. ಅಲುಗಾಡದೆ ಕುಂತರೆ ಉಗುರಿನಷ್ಟು ಏಡಿ ಹೊರಗೆ ಬರುತ್ತದೆ. ಎರಡೂ ಕೊಂಬಿನಿಂದ ಮರಳನ್ನು ಬಾಯಿಗೆ ಹಾಕಿ, ತಿನ್ನುವಂಥದ್ದನ್ನು ಸೋಸಿಕೊಂಡು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಒಂದು ಆದಕೂಡಲೇ ಇನ್ನೊಂದು. ಯಾರಾದರೂ ಕೆಮ್ಮಿ ಎದ್ದರೋ, ಫಕ್ಕನೆ ಒಳಗೆ! ನೀರು ಮತ್ತೆ ಏರಿದಾಗ ರಂಗೋಲಿ ಅಳಿಸಿ ಹೋಗುತ್ತದೆ, ಮರುದಿನ ಮತ್ತೆ ಹೊಸದು. ಇದನ್ನು ನೋಡಲಿಕ್ಕೆ ಟಿಕೆಟ್ಟೂ ಇಲ್ಲ, ಪಾಳಿಯೂ ಇಲ್ಲ.

ಈ ತೀರದಲ್ಲೇ ಟಾಗೋರರು 1880ರ ದಶಕದಲ್ಲಿ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಬಂದು ಉಳಿದು ನಾಟಕ ಬರೆದದ್ದು. ದೊಡ್ಡ ಹುಡುಗರಿಗೆ ಹೇಳ್ರಿ. ಸಣ್ಣವರಿಗೆ ಅಲ್ಲೇ ಮರಳ ಮೇಲೆ ‘ಚಪಲ್’ ಯುದ್ಧನೌಕೆ ಇದೆ, 2006ರಿಂದ ವಸ್ತುಸಂಗ್ರಹಾಲಯ, ಒಳಗೆಲ್ಲ ಓಡಾಡಬಹುದು. ಅದರ ಪಕ್ಕ 2017ರಲ್ಲಿ ನಿವೃತ್ತಿಯಾದ ಟುಪೊಲೆವ್ ವಿಮಾನ. ಅದರ ಒಂದೊಂದು ಎಂಜಿನ್ನಿಗೂ ಎರಡು ಪಂಖ, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಎಲ್ಲ ರೆಕ್ಕೆಗಳನ್ನೂ ಎಣಿಸ್ರಿ ಅಂದುಬಿಟ್ಟರೆ ಅರ್ಧ ತಾಸು ನಿಮಗೆ ಪುರಸೊತ್ತು, ಹೌದಿಲ್ರೀ?

ಊಟದ್ದು ಒಂದು ಮಾತು. ಖಡಕ್ ರೊಟ್ಟಿ ಕಟ್ಟಿಕೊಂಡು ಹೊಂಟಿರಬೇಕು. ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಹಾಕ್ರಿ. ಅಲ್ಲಿಯ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ, ಮಡಚಿದರೂ ಮುರಿಯೋದಿಲ್ಲ. ಮಂಡಾಳಿನ ಕಥೆಯೂ ಅದೇ. ಶೇಂಗಾ ಚಟ್ನಿ ತಡೀತೈತಿ. ಗಂಗಾವತಿಯ ಸೋನಾಮಸೂರಿ ಉಂಡು ಬೆಳೆದ ಮಕ್ಕಳಿಗೆ ಅಲ್ಲಿಯ ಕುಚಲಕ್ಕಿ ಅನ್ನ ಕಂಡು ‘ಇದ್ಯಾಕ ಇಷ್ಟು ದಪ್ಪ?’ ಅನಿಸುವುದು ಖರೇ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ ಅಂತ ಹೇಳಿ, ಎರಡು ತುತ್ತು ಉಣಿಸಿ ನೋಡ್ರಿ.

ಮಳೆಗಾಲದಲ್ಲಿ ಮಾತ್ರ ನೀರಿಗಿಳಿಸುವ ಮಾತೇ ಬ್ಯಾಡ. ನವೆಂಬರಿನಿಂದ ಫೆಬ್ರುವರಿ ಸುಖ. ಆಗಲೂ ಸಣ್ಣವರು ಮೊಣಕಾಲು ನೀರಿನಾಚೆ ಹೋಗದಂತೆ ಒಬ್ಬರು ಕೈ ಹಿಡಿದೇ ಇರಬೇಕು. ನಮ್ಮ ಕೆರೆಯ ನೀರು ನಿಂತಲ್ಲೇ ನಿಂತಿರುತ್ತದೆ, ಕಡಲಿನದು ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ.

ಹಾದಿ? ಹೋಗುವಾಗ ರೈಲು ಹಿಡೀರಿ. ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಕೊಪ್ಪಳದ ಮೇಲೇ ಗೋವಾಕ್ಕೆ ಹೋಗುತ್ತದೆ, ಕ್ಯಾಸಲ್‌ರಾಕ್ ದಾಟಿದ ಮೇಲೆ ದೂಧಸಾಗರದ ಮಗ್ಗುಲಲ್ಲೇ ಹಾಯುತ್ತದೆ. ಮಡಗಾಂವದಲ್ಲಿ ಇಳಿದು ಕೊಂಕಣ ರೈಲು ಹತ್ತಿದರೆ ಕಾರವಾರ. ಮಾವ ಸುಳ್ಳು ಹೇಳಿರಲಿಲ್ಲ ನೋಡ್ರಿ. ಬರುವಾಗ ಅಂಕೋಲಾದಿಂದ ಅರಬೈಲ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ ಮೇಲೆ ಬಸ್ಸಿನಲ್ಲಿ ಬಂದರೆ ಘಟ್ಟ ಎರಡೂ ಕಡೆಯಿಂದ ನೋಡಿದಂಗಾತು, ಅಲ್ಲೇನ್ರೀ? ಆ ತಿರುವಿಗೆ ಮಕ್ಕಳ ಹೊಟ್ಟೆ ತೊಳಸ್ತದ. ನಮ್ಮ ಹಿತ್ತಲ ಗಿಡದಾಗ ನಿಂಬೆಹಣ್ಣು ಬೇಕಾದಷ್ಟು ಅದಾವ, ಹೊಂಡೋ ದಿನ ಹುಡುಗನ್ನ ಕಳಸ್ರಿ, ಕಿತ್ತು ಕೊಡತೀನಿ.